ನಾಲ್ಕು ಕಡ್ಡಿಗಳ ಹಬ್ಬ

2013ರ ನವೆಂಬರ್ 11, ಸೋಮವಾರ. ನಾನು ಒಸಾಕಾಕ್ಕೆ ಬಂದು ಆರು ವಾರ ಕಳೆದಿತ್ತು. ಬೆಳಿಗ್ಗೆ ಪ್ರಯೋಗಾಲಯದ ಬಾಗಿಲು ತೆಗೆದರೆ ನನ್ನ ಮೇಜಿನ ಮೇಲೊಂದು ಕೆಂಪು ಡಬ್ಬಿ ಕೂತಿತ್ತು. ರಟ್ಟಿನದು, ಅಂಗೈಯಷ್ಟು. ಆಚೀಚೆ ನೋಡಿದೆ. ಎಲ್ಲರ ಮೇಜಿನ ಮೇಲೂ ಅಂಥದೇ ಒಂದೊಂದು. ನನಗಿಂತ ಎರಡು ವರ್ಷ ಮುಂದಿದ್ದ ವಿದ್ಯಾರ್ಥಿನಿಯೊಬ್ಬರು, ಅಲ್ಲಿನ ಮಾತಿನಲ್ಲಿ ನನ್ನ 'ಸೆನ್‌ಪಾಯ್', ಬಿಳಿ ಹಲಗೆಯ ಮುಂದೆ ನಿಂತಿದ್ದರು.

"ಇವತ್ತಿನ ತಾರೀಖು ಬರೆಯಿರಿ" ಅಂದರು.

11/11 ಎಂದು ಬರೆದೆ.

"ಏನು ಕಾಣುತ್ತದೆ?"

"ಹನ್ನೊಂದು, ಹನ್ನೊಂದು."

"ಅಲ್ಲ. ನಾಲ್ಕು ಕಡ್ಡಿ. ಇವತ್ತು ಪೊಕ್ಕಿ ದಿನ."

ಪೊಕ್ಕಿ ಎಂದರೆ ಚಾಕೊಲೇಟ್ ಸವರಿದ ಬಿಸ್ಕತ್ತಿನ ಕಡ್ಡಿ. ಪೆನ್ಸಿಲಿಗಿಂತ ತೆಳುವು. ಒಂದು ತುದಿಯಲ್ಲಿ ಮಾತ್ರ ಚಾಕೊಲೇಟ್ ಇರುವುದಿಲ್ಲ, ಅದು ಹಿಡಿದುಕೊಳ್ಳಲು. ನವೆಂಬರ್ 11 ಬಂದರೆ ಶಾಲೆ, ಕಾಲೇಜು, ಕಚೇರಿ ಎನ್ನದೆ ಜನ ಇದನ್ನು ಒಬ್ಬರಿಗೊಬ್ಬರು ಹಂಚುತ್ತಾರೆ. ಹರೆಯದವರು ಒಂದೇ ಕಡ್ಡಿಯನ್ನು ಎರಡು ತುದಿಯಿಂದ ಇಬ್ಬರು ಕಚ್ಚುತ್ತ ಬಂದು ಯಾರು ಮೊದಲು ಹೆದರಿ ಬಿಡುತ್ತಾರೆ ಎಂದು ಆಟವನ್ನೂ ಆಡುತ್ತಾರೆ. ಟ್ವಿಟರ್ ತುಂಬ ಅವತ್ತು ಅದೇ ಮಾತು. ಒಂದು ದಿನದಲ್ಲಿ ಒಂದು ಸರಕಿನ ಹೆಸರು ಅತಿ ಹೆಚ್ಚು ಸಲ ಬಂದ ಗಿನ್ನೆಸ್ ದಾಖಲೆ ಆ ವರ್ಷ ಅದರದೇ ಆಯಿತು: 37 ಲಕ್ಷಕ್ಕೂ ಮೇಲೆ.

ನಾನು ಎಲ್ಲರ ಜೊತೆ ನಕ್ಕೆ. ಆದರೆ ಒಳಗೆ ತಾತ್ಸಾರವಿತ್ತು. ಬಂದ ಎರಡನೇ ವಾರಕ್ಕೆ ದಸರೆ ಬಂದು ಹೋಗಿತ್ತು. ನಮ್ಮ ಧಾರವಾಡದ ಕಡೆ ವಿಜಯದಶಮಿಯ ಸಂಜೆ ಬನ್ನಿ ಎಲೆ ಹಂಚುವುದು ಈ ಪುಟಗಳ ಬಹಳ ಓದುಗರಿಗೆ ಗೊತ್ತು. 'ಬನ್ನಿ ತಗೊಂಡು ಬಂಗಾರದ್ಹಂಗ ಇರೋಣು' ಎಂದು ಕೈಗೆ ಎಲೆ ಕೊಡುತ್ತೇವೆ. ವರ್ಷವಿಡೀ ಮಾತು ಬಿಟ್ಟವರೂ ಅವತ್ತು ಎಲೆ ಕೊಟ್ಟರೆ ಇಸಿದುಕೊಳ್ಳಬೇಕು. ಒಸಾಕಾದಲ್ಲಿ ನನಗೆ ಕೊಡಲು ಎಲೆಯೂ ಇರಲಿಲ್ಲ, ಇಸಿದುಕೊಳ್ಳುವ ಕೈಯೂ ಇರಲಿಲ್ಲ. ನವೆಂಬರ್ 1ರ ರಾಜ್ಯೋತ್ಸವ, 3ರ ದೀಪಾವಳಿ ಎರಡೂ ಫೋನಿನಲ್ಲೇ ಮುಗಿದವು. ಹಾಗಿರುವಾಗ ಬಿಸ್ಕತ್ತಿನ ಕಂಪನಿಯೊಂದು ಮಾಲು ಖರ್ಚಾಗಲೆಂದು ಹುಟ್ಟಿಸಿದ ದಿನವನ್ನು ಹಬ್ಬ ಎಂದು ಕರೆಯಲು ನನಗೆ ಮನಸ್ಸಾಗಲಿಲ್ಲ. ಡಬ್ಬಿಯನ್ನು ಒಡೆಯದೆ ಡ್ರಾಯರಿಗೆ ಹಾಕಿದೆ.

ಸಂಜೆ ಕೋಣೆಗೆ ಬಂದರೆ ಟಪಾಲು ಪೆಟ್ಟಿಗೆಯಲ್ಲಿ ಇನ್ನೊಂದು ಕೆಂಪು ಡಬ್ಬಿ. ಹೆಸರಿಲ್ಲ, ಚೀಟಿಯಿಲ್ಲ. ಬೇರೆ ಯಾರದ್ದೋ ತಪ್ಪಿ ನನಗೆ ಬಂದಿದೆ ಎಂದು ತೆಗೆದುಕೊಂಡು ಹೋಗಿ ಕೆಳಗಿನ ಮನೆಯ ಓಯಾ-ಸಾನ್ ಅವರ, ಅಂದರೆ ಮನೆಯೊಡತಿಯ, ಬಾಗಿಲು ತಟ್ಟಿದೆ. ಅರವತ್ತು ದಾಟಿದವರು. ನಾನು ಡಬ್ಬಿ ಮುಂದೆ ಹಿಡಿದು "ಇದು ನನ್ನದಲ್ಲ, ಯಾರದೋ ಇರಬೇಕು" ಅಂದೆ. ಆಕೆ ಕೈ ಚಾಚಲಿಲ್ಲ. ಸ್ವಲ್ಪ ಹೊತ್ತು ಡಬ್ಬಿಯನ್ನೇ ನೋಡಿದರು.

"ಅದು ನಿಮ್ಮದೇ. ನಾನೇ ಹಾಕಿದ್ದು" ಅಂದರು. "ಹೆದರಿಕೆಯಾಯಿತೇ?"

ಆ ಪ್ರಶ್ನೆ ನನಗೆ ಅರ್ಥವಾಗಲಿಲ್ಲ. ಬಿಸ್ಕತ್ತಿಗೆ ಯಾಕೆ ಹೆದರಬೇಕು? ಅದಕ್ಕೆ ಆಕೆ ಕೊಟ್ಟ ಉತ್ತರ ತಿಳಿಯಬೇಕಾದರೆ ಈ ಕಡ್ಡಿಯ ಹಿಂದಿನ ಕತೆ ಸ್ವಲ್ಪ ತಿಳಿದಿರಬೇಕು. ನಾನೂ ಆಮೇಲೆ ಓದಿ, ಕೇಳಿ ತಿಳಿದದ್ದು.

* * *

ಕತೆ ಶುರುವಾಗುವುದು ಸಿಂಪಿಯ ಗಂಜಿಯಿಂದ. ಎಝಾಕಿ ರಿಇಚಿ ಎಂಬಾತ 1882ರಲ್ಲಿ ಜಪಾನಿನ ದಕ್ಷಿಣದ ಸಾಗಾ ಪ್ರಾಂತದಲ್ಲಿ ಹುಟ್ಟಿದವನು, ಔಷಧಿ ವ್ಯಾಪಾರದ ಮನೆತನ. 1919ರಲ್ಲಿ ನದಿದಂಡೆಯಲ್ಲಿ ಮೀನುಗಾರರು ಸಿಂಪಿ ಬೇಯಿಸಿ ನೀರು ಚೆಲ್ಲುತ್ತಿದ್ದುದನ್ನು ನೋಡಿದ. ಸಿಂಪಿಯಲ್ಲಿ ಗ್ಲೈಕೊಜೆನ್ ಎಂಬ ಪೋಷಕಾಂಶ ಇದೆ ಎಂದು ಔಷಧಿಯ ಪತ್ರಿಕೆಗಳಲ್ಲಿ ಓದಿದ್ದ. ಚೆಲ್ಲುವ ನೀರನ್ನು ಪರೀಕ್ಷೆ ಮಾಡಿಸಿದರೆ ಅದರಲ್ಲಿ ಗ್ಲೈಕೊಜೆನ್ ಇತ್ತು. ಅದೇ ಹೊತ್ತಿಗೆ ಅವನ ಮಗ ವಿಷಮಶೀತ ಜ್ವರದಿಂದ ಹಾಸಿಗೆ ಹಿಡಿದಿದ್ದ. ಅವನಿಗೆ ಇದನ್ನು ಕುಡಿಸಿದ, ಮಗ ಚೇತರಿಸಿಕೊಂಡ ಎಂದು ಕಂಪನಿಯ ಇತಿಹಾಸ ಹೇಳುತ್ತದೆ. ಗುಣವಾದದ್ದು ಅದರಿಂದಲೇ ಎನ್ನುವುದಕ್ಕೆ ತಂದೆಯ ನಂಬಿಕೆ ಬಿಟ್ಟರೆ ಬೇರೆ ಆಧಾರವಿಲ್ಲ. ಆದರೆ ವ್ಯಾಪಾರ ಹುಟ್ಟಲು ಅಷ್ಟು ಸಾಕಾಯಿತು.

ಔಷಧಿಯಾಗಿ ಕೊಟ್ಟರೆ ಮಕ್ಕಳು ಕುಡಿಯುವುದಿಲ್ಲ, ಮಿಠಾಯಿಯಾಗಿ ಕೊಟ್ಟರೆ ತಿನ್ನುತ್ತಾರೆ. ಹೀಗೆಂದುಕೊಂಡು ಊರು ಬಿಟ್ಟು ಒಸಾಕಾಕ್ಕೆ ಬಂದ. ಅವನೂ ನಮ್ಮಂತೆ ವಲಸೆ ಬಂದವನೇ, ನಡುವಯಸ್ಸಿನಲ್ಲಿ ಪರವೂರಿನಲ್ಲಿ ಹೊಸದಾಗಿ ಶುರು ಮಾಡಿದವನು. ಗ್ಲೈಕೊಜೆನ್ ಸೇರಿಸಿದ ಕ್ಯಾರಮೆಲ್ ಮಾಡಿ, ಅದಕ್ಕೆ 'ಗ್ಲಿಕೊ' ಎಂದು ಹೆಸರಿಟ್ಟ. ಹೊಸಬನ ಮಾಲನ್ನು ದೊಡ್ಡ ಅಂಗಡಿಗಳು ಇಟ್ಟುಕೊಳ್ಳಲಿಲ್ಲ. ಮಿತ್ಸುಕೋಶಿ ಎಂಬ ಹೆಸರಾಂತ ಮಳಿಗೆಯ ಮೆಟ್ಟಿಲನ್ನು ಮತ್ತೆ ಮತ್ತೆ ಹತ್ತಿ ಒಪ್ಪಿಸಿದ. 1922ರ ಫೆಬ್ರುವರಿ 11ರಂದು ಅದರ ಒಸಾಕಾ ಶಾಖೆಯಲ್ಲಿ ಮೊದಲ ಡಬ್ಬಿ ಮಾರಾಟಕ್ಕೆ ಬಂತು. ಆ ದಿನವನ್ನೇ ಕಂಪನಿ ತನ್ನ ಹುಟ್ಟುಹಬ್ಬ ಎಂದು ಎಣಿಸುತ್ತದೆ.

ಡಬ್ಬಿಯ ಮೇಲೆ ಎರಡೂ ಕೈ ಮೇಲೆತ್ತಿ ಗುರಿ ಮುಟ್ಟುತ್ತಿರುವ ಓಟಗಾರ. 'ಒಂದು ಕ್ಯಾರಮೆಲ್ಲಿಗೆ 300 ಮೀಟರ್' ಎಂಬುದು ಅದರ ಘೋಷವಾಕ್ಯ. ಒಂದು ತಿಂದರೆ ಅಷ್ಟು ದೂರ ಓಡುವ ಶಕ್ತಿ ಬರುತ್ತದೆ ಎಂದು ಅರ್ಥ. ಮಕ್ಕಳಿಗೆ ತಿನ್ನುವುದೂ ಆಡುವುದೂ ಬೇರೆ ಬೇರೆಯಲ್ಲ ಎಂದು 1920ರ ದಶಕದ ಕೊನೆಯಿಂದ ಡಬ್ಬಿಯೊಳಗೆ ಪುಟ್ಟ ಆಟಿಕೆಯನ್ನೂ ಇಡತೊಡಗಿದರು. 1935ರಲ್ಲಿ ಒಸಾಕಾದ ದೋತೊನ್‌ಬೊರಿ ಕಾಲುವೆಯ ಪಕ್ಕ 33 ಮೀಟರ್ ಎತ್ತರದ ನಿಯಾನ್ ಫಲಕದಲ್ಲಿ ಆ ಓಟಗಾರ ಬೆಳಗಿದ. 1943ರಲ್ಲಿ ಯುದ್ಧಕ್ಕೆ ಲೋಹ ಬೇಕೆಂದು ಅವನನ್ನು ಕಿತ್ತರು. 1955ರಲ್ಲಿ ಮತ್ತೆ ಬಂದ. ನಾನು ಮೊದಲು ನೋಡಿದ್ದು ಐದನೆಯ ಫಲಕ. 2014ರಲ್ಲಿ ಅದನ್ನು ತೆಗೆದು ಎಲ್‌ಇಡಿಯ ಆರನೆಯದನ್ನು ಹಾಕಿದಾಗ ಒಸಾಕಾದ ಜನ ತಮ್ಮ ಮನೆಯದೇ ಏನೋ ಎಂಬಂತೆ ಸಂಭ್ರಮಪಟ್ಟರು. ಜಾಹೀರಾತೊಂದು ಊರಿನ ಗುರುತೇ ಆಗಿಬಿಡಬಹುದು ಎಂದು ನನಗೆ ಗೊತ್ತಾದದ್ದು ಆವಾಗ.

ಪೊಕ್ಕಿ ಬಂದದ್ದು 1966ರಲ್ಲಿ. ಅದಕ್ಕೂ ಮೊದಲು ಇದೇ ಕಂಪನಿ ಪ್ರೆಟ್ಜ್ ಎಂಬ ಬೆಣ್ಣೆ ರುಚಿಯ ಕಡ್ಡಿ ಬಿಸ್ಕತ್ತು ಮಾಡುತ್ತಿತ್ತು. ಅದಕ್ಕೆ ಚಾಕೊಲೇಟ್ ಬಳಿದರೆ ಹೇಗೆ ಎಂಬ ಯೋಚನೆ ಬಂತು. ಪೂರ್ತಿ ಬಳಿದರೆ ಕೈಗೆ ಅಂಟುತ್ತದೆ. ಬೆಳ್ಳಿ ಕಾಗದ ಸುತ್ತೋಣ ಎಂದರೆ ಖರ್ಚು, ರಗಳೆ. ಒಸಾಕಾದ ಬೀದಿಯಲ್ಲಿ ಕುಶಿಕಾತ್ಸು ಎಂದು ಬಿದಿರು ಕಡ್ಡಿಗೆ ಚುಚ್ಚಿ ಕರಿದ ತಿಂಡಿ ಸಿಗುತ್ತದೆ. ಕಡ್ಡಿಯ ಬರಿಯ ತುದಿ ಹಿಡಿದು ತಿನ್ನಬೇಕು. ಅದನ್ನು ನೋಡಿ, ಬಿಸ್ಕತ್ತಿನ ಒಂದು ತುದಿಯನ್ನು ಹಾಗೇ ಬಿಟ್ಟರಂತೆ. ಮುರಿದಾಗ ಬರುವ 'ಪೊಕ್ಕಿನ್' ಎಂಬ ಸದ್ದಿನಿಂದ ಹೆಸರು ಬಂತು. ನಾವು 'ಪಟಕ್' ಎನ್ನುತ್ತೇವಲ್ಲ, ಹಾಗೆ. 1971ರಲ್ಲಿ ಬಾದಾಮಿಯದು, 1977ರಲ್ಲಿ ಸ್ಟ್ರಾಬೆರಿಯದು ಬಂತು. 1982ರಲ್ಲಿ ಯುರೋಪಿಗೆ 'ಮಿಕಾಡೊ' ಎಂಬ ಹೆಸರಿನಲ್ಲಿ ಹೋಯಿತು. ಮಲೇಷ್ಯಾದಲ್ಲಿ ಹಂದಿಮಾಂಸದ ಇಂಗ್ಲಿಷ್ ಹೆಸರಿಗೆ ಹತ್ತಿರವಾಗಿ ಕೇಳಿಸಬಾರದೆಂದು ಬಹಳ ವರ್ಷ 'ರಾಕಿ' ಎಂದು ಮಾರಿದರು.

* * *

ಇನ್ನು ಹಬ್ಬದ ವಿಚಾರ. ಜಪಾನಿನಲ್ಲಿ ಚಕ್ರವರ್ತಿಯ ಆಳ್ವಿಕೆಯ ಲೆಕ್ಕದಲ್ಲಿ ವರ್ಷ ಎಣಿಸುವ ಪದ್ಧತಿ ಇದೆ. 1989ರಲ್ಲಿ ಹೆಯ್ಸೇಯ್ ಶಕೆ ಶುರುವಾಯಿತು. ಅದರ ಹನ್ನೊಂದನೆಯ ವರ್ಷ 1999. ಹನ್ನೊಂದನೆಯ ವರ್ಷದ ಹನ್ನೊಂದನೆಯ ತಿಂಗಳ ಹನ್ನೊಂದನೆಯ ದಿನ ಎಂದರೆ ಸಾಲಾಗಿ ಆರು ಕಡ್ಡಿ. ಅಂಥ ದಿನ ಕೈಬಿಡಲು ಯಾವ ವ್ಯಾಪಾರಿಗೆ ಮನಸ್ಸು ಬರುತ್ತದೆ? ಅವತ್ತು 'ಪೊಕ್ಕಿ ಮತ್ತು ಪ್ರೆಟ್ಜ್ ದಿನ' ಆರಂಭವಾಯಿತು. ಇಂಥ ದಿನಗಳನ್ನು ನೋಂದಾಯಿಸಿಕೊಳ್ಳಲೆಂದೇ ಅಲ್ಲಿ ಸ್ಮರಣದಿನಗಳ ಸಂಘವೊಂದಿದೆ. 1991ರಿಂದ ನಡೆಯುತ್ತಿದೆ. ಅರ್ಜಿ ಹಾಕಿ, ಶುಲ್ಕ ಕಟ್ಟಿ, ಕಾರಣ ಹೇಳಬೇಕು.

ಕಾರಣಗಳೇ ಒಂದು ರಂಜನೆ. ಜಪಾನೀಯರಿಗೆ ಅಂಕಿಯನ್ನು ಮಾತಾಗಿ ಓದುವ ಹುಚ್ಚು. ಎಂಟಕ್ಕೆ 'ಯಾ', ಮೂರಕ್ಕೆ 'ಸಾ', ಒಂದಕ್ಕೆ 'ಇ'. ಕೂಡಿಸಿದರೆ 'ಯಾಸಾಯ್', ಅಂದರೆ ತರಕಾರಿ. ಹಾಗಾಗಿ 8/31 ತರಕಾರಿ ದಿನ. ಅಲ್ಲಿನ ಬೆಕ್ಕು 'ನ್ಯಾನ್' ಎನ್ನುತ್ತದೆ, ಎರಡಕ್ಕೆ 'ನಿ'. ಹಾಗಾಗಿ 2/22 ಬೆಕ್ಕಿನ ದಿನ. ನವೆಂಬರ್ 11ರಂದು ಪೊಕ್ಕಿಯ ಜೊತೆ ಸಾಲಿನಲ್ಲಿ ಮೊಳಕೆ ಕಾಳಿನ ದಿನ ಇದೆ, ಕಾಲುಚೀಲದ ದಿನ ಇದೆ, ಕಾಗದ ಮಡಿಚುವ ಒರಿಗಾಮಿಯ ದಿನ ಇದೆ. ಹನ್ನೊಂದನ್ನು ಚಿತ್ರಾಕ್ಷರದಲ್ಲಿ ಬರೆದರೆ ಒಂದು ಕೂಡಿಸುವ ಗುರುತು, ಒಂದು ಕಳೆಯುವ ಗುರುತು ಬರೆದಂತೆ ಕಾಣುತ್ತದೆ. ಆದ್ದರಿಂದ 1987ರಿಂದಲೇ ಅದು ಬ್ಯಾಟರಿ ದಿನ ಕೂಡ.

ನಕ್ಕು ಬಿಡಬಹುದು. ಆದರೆ ಸ್ವಲ್ಪ ಹಿಂದಕ್ಕೆ ಹೋದರೆ ವ್ಯಾಪಾರಿ ಮಾಡಿದ ಹಬ್ಬ ಜಪಾನಿಗೆ ಹೊಸದಲ್ಲ ಎಂದು ಗೊತ್ತಾಗುತ್ತದೆ. ಬೇಸಿಗೆಯ ಒಂದು ದಿನ ಅಲ್ಲಿ ಮನೆಮನೆಯಲ್ಲೂ ಹಾವುಮೀನು ತಿನ್ನುತ್ತಾರೆ. ಬೇಸಿಗೆಯಲ್ಲಿ ಗಿರಾಕಿ ಇಲ್ಲದೆ ಕಂಗಾಲಾದ ಅಂಗಡಿಯವನೊಬ್ಬನಿಗೆ 18ನೇ ಶತಮಾನದ ವಿದ್ವಾಂಸ ಹಿರಾಗಾ ಗೆನ್ನಾಯ್ ಬೋರ್ಡು ಬರೆದುಕೊಟ್ಟನಂತೆ, ಅಂದಿನಿಂದ ರೂಢಿಯಾಯಿತಂತೆ. ಇದು ಜನ ಹೇಳುವ ಕತೆ. ಇನ್ನೊಂದು ನಮ್ಮ ಕಾಲದ್ದು. 1958ರಲ್ಲಿ ಟೋಕಿಯೊದ ಮಳಿಗೆಯೊಂದರಲ್ಲಿ ಮೊದಲ ವ್ಯಾಲೆಂಟೈನ್ ಚಾಕೊಲೇಟ್ ಮಾರಾಟ ಇಟ್ಟಾಗ ಕೊಂಡವರು ಬೆರಳೆಣಿಕೆ. ಇಪ್ಪತ್ತು ವರ್ಷದಲ್ಲಿ ಅದು ಇಡೀ ದೇಶಕ್ಕೆ ಹಬ್ಬಿತು. ಅಷ್ಟೇ ಅಲ್ಲ, ಹುಡುಗಿಯರು ಕೊಟ್ಟದ್ದಕ್ಕೆ ಹುಡುಗರು ಮರಳಿ ಕೊಡಬೇಕೆಂದು ಮಾರ್ಚ್ 14ಕ್ಕೆ 'ವೈಟ್ ಡೇ' ಎಂಬ ಇನ್ನೊಂದು ದಿನವನ್ನೂ ಮಿಠಾಯಿಯವರು ಹುಟ್ಟಿಸಿದರು. ಕ್ರಿಸ್ಮಸ್ಸಿಗೆ ಕರಿದ ಕೋಳಿ ತಿನ್ನುವುದು 1970ರ ದಶಕದ ಜಾಹೀರಾತಿನಿಂದ ಬಂದ ಪದ್ಧತಿ.

ಅದೇ ವಾರ ಇದನ್ನೆಲ್ಲ ಅವ್ವನಿಗೆ ಫೋನಿನಲ್ಲಿ ಹೇಳಿದೆ, ವ್ಯಂಗ್ಯವಾಗಿಯೇ. ಆಕೆ ಸಾವಧಾನವಾಗಿ ಕೇಳಿ, "ಅಂಗಡ್ಯಾಂವ ಮಾಡಿದ್ದಿರಲಿ, ಸರಕಾರ ಮಾಡಿದ್ದಿರಲಿ. ಹಂಚಿ ತಿಂದ್ರಿಲ್ಲೋ? ಮುಗೀತು, ಅದೂ ಹಬ್ಬಾನ" ಅಂದಳು.

ಸರಕಾರ ಮಾಡಿದ್ದು ಎಂದದ್ದು ನನಗೆ ತಾಗಿತು. ನವೆಂಬರ್ 1 ಯಾವ ಪಂಚಾಂಗದ ಹಬ್ಬ? 1956ರಲ್ಲಿ ರಾಜ್ಯಗಳ ಮರುವಿಂಗಡಣೆಯ ಕಾಯಿದೆ ಜಾರಿಗೆ ಬಂದ ತಾರೀಖು ಅದು. 1973ರ ಅದೇ ತಾರೀಖಿಗೆ ಮೈಸೂರು ರಾಜ್ಯ ಕರ್ನಾಟಕವಾಯಿತು. ಆದರೆ ಮುಂಬಯಿಯಲ್ಲೋ ಚೆನ್ನೈಯಲ್ಲೋ ಬಾಡಿಗೆ ಸಭಾಂಗಣದಲ್ಲಿ ಹಳದಿ ಕೆಂಪು ಬಾವುಟ ಕಟ್ಟುವಾಗ ಅದು ಕಾಯಿದೆಯ ತಾರೀಖು ಎಂದು ನಮಗೆ ಅನ್ನಿಸುವುದಿಲ್ಲ. ನಾನೀಗ ಇರುವ ಪುಣೆಯ ಗಣೇಶೋತ್ಸವವನ್ನೇ ನೋಡಿ. ಮನೆಯ ಗಣಪತಿಯನ್ನು ಟಿಳಕರು ಬೀದಿಯ ಹಬ್ಬ ಮಾಡತೊಡಗಿದ್ದು 1893ರಲ್ಲಿ. ಯಾರು ಯಾವ ಉದ್ದೇಶಕ್ಕೆ ಶುರು ಮಾಡಿದರು ಎಂಬುದು ಒಂದು ಇತಿಹಾಸ. ಜನ ಅದನ್ನು ಏನು ಮಾಡಿಕೊಂಡರು ಎಂಬುದು ಇನ್ನೊಂದು. ಮೊದಲನೆಯದನ್ನು ತಿಳಿದವನು ಎರಡನೆಯದನ್ನೂ ತಿಳಿದೆ ಅಂದುಕೊಳ್ಳುವುದು ಆ ವಯಸ್ಸಿನ ಜಾಣತನ. ನನಗೂ ಅದಿತ್ತು.

* * *

ಈಗ ಓಯಾ-ಸಾನ್ ಅವರ ಮಾತಿಗೆ ಬರುತ್ತೇನೆ.

1984ರ ಮಾರ್ಚ್ 18ರ ರಾತ್ರಿ, ಒಸಾಕಾದ ಪಕ್ಕದ ನಿಶಿನೊಮಿಯಾದಲ್ಲಿ ಗ್ಲಿಕೊ ಕಂಪನಿಯ ಅಧ್ಯಕ್ಷ ಎಝಾಕಿ ಕತ್ಸುಹಿಸಾ ಮಕ್ಕಳೊಂದಿಗೆ ಸ್ನಾನ ಮಾಡುತ್ತಿದ್ದರು. ಸ್ಥಾಪಕ ರಿಇಚಿಯ ಮೊಮ್ಮಗ ಇವರು. ಮುಸುಕುಧಾರಿಗಳು ಮನೆಗೆ ನುಗ್ಗಿ ಅವರನ್ನು ಹೊತ್ತೊಯ್ದರು. ನೂರು ಕೋಟಿ ಯೆನ್ ಹಣ, ನೂರು ಕಿಲೊ ಚಿನ್ನ ಬೇಕೆಂದು ಕೇಳಿದರು. ಮೂರು ದಿನದ ಮೇಲೆ ಅಧ್ಯಕ್ಷರು ಗೋದಾಮೊಂದರಿಂದ ತಾವೇ ತಪ್ಪಿಸಿಕೊಂಡು ಬಂದರು. ಕತೆ ಅಲ್ಲಿಗೆ ಮುಗಿಯಲಿಲ್ಲ. ಏಪ್ರಿಲಿನಲ್ಲಿ ಕಂಪನಿಯ ಆವರಣದಲ್ಲಿ ಬೆಂಕಿ ಹಚ್ಚಿದರು. ಮೇ ತಿಂಗಳಲ್ಲಿ ಪತ್ರಿಕೆಗಳಿಗೆ ಕಾಗದ ಬಂತು: ಗ್ಲಿಕೊದ ಮಿಠಾಯಿಗೆ ಸಯನೈಡ್ ಬೆರೆಸಿದ್ದೇವೆ. ಬರೆದವರು ತಮ್ಮನ್ನು 'ಇಪ್ಪತ್ತೊಂದು ಮುಖದ ಮಾಯಾವಿ' ಎಂದು ಕರೆದುಕೊಂಡರು. ಎದೊಗಾವಾ ರಂಪೊ ಎಂಬ ಪತ್ತೇದಾರಿ ಲೇಖಕನ ಮಕ್ಕಳ ಕಾದಂಬರಿಯಲ್ಲಿ ಇಪ್ಪತ್ತು ಮುಖದ ಖಳನೊಬ್ಬನಿದ್ದಾನೆ. ಇವರು ಒಂದು ಮುಖ ಹೆಚ್ಚಿಗೆ ಹಾಕಿಕೊಂಡರು.

ದೇಶದ ಉದ್ದಗಲದ ಅಂಗಡಿಗಳು ಗ್ಲಿಕೊದ ಮಾಲನ್ನೆಲ್ಲ ಕೆಳಗಿಳಿಸಿದವು. ಕಂಪನಿ ನೆಲಕಚ್ಚುವುದರಲ್ಲಿತ್ತು. ಪೊಟ್ಟಣ ಕಟ್ಟುವ ದಿನಗೂಲಿಯ ಹೆಂಗಸರು ಮೊದಲು ಕೆಲಸ ಕಳೆದುಕೊಂಡರು. ಜೂನಿನಲ್ಲಿ ಗ್ಲಿಕೊವನ್ನು ಕ್ಷಮಿಸಿದ್ದೇವೆ ಎಂದು ಕಾಗದ ಬಂತು. ಆಮೇಲೆ ಮೊರಿನಾಗಾ ಎಂಬ ಇನ್ನೊಂದು ಮಿಠಾಯಿ ಕಂಪನಿಯ ಸರದಿ. ಅಕ್ಟೋಬರಿನಲ್ಲಿ ಅಂಗಡಿಗಳಲ್ಲಿ ನಿಜವಾಗಿಯೇ ಸಯನೈಡ್ ಬೆರೆಸಿದ ಪೊಟ್ಟಣಗಳು ಸಿಕ್ಕವು. ತಿಂದರೆ ಸಾಯುತ್ತೀರಿ ಎಂಬ ಚೀಟಿಯನ್ನೂ ಅವರೇ ಅಂಟಿಸಿದ್ದರು. ಅಂಗಡಿಗಳು ಮಾಲು ಇಡಲೊಲ್ಲೆ ಎಂದಾಗ ಮೊರಿನಾಗಾದ ನೌಕರರು ಬೀದಿಯಲ್ಲಿ ನಿಂತು ಸಾವಿರ ಯೆನ್ನಿನ ಚೀಲಗಳಲ್ಲಿ ಮಿಠಾಯಿ ಮಾರಿದರು. ಕರುಣೆಯಿಂದ ಕೊಂಡವರು ಇದ್ದರು.

ವಿಷ ತಿಂದು ಯಾರೂ ಸಾಯಲಿಲ್ಲ. ಆದರೆ ಒಂದು ಜೀವ ಹೋಯಿತು. 1985ರ ಆಗಸ್ಟಿನಲ್ಲಿ, ಅಪರಾಧಿಗಳು ಕೈತಪ್ಪಿ ಹೋದದ್ದಕ್ಕೆ ಮನನೊಂದ ಶಿಗಾ ಪ್ರಾಂತದ ಪೊಲೀಸ್ ಮುಖ್ಯಸ್ಥರು ಮೈಗೆ ಬೆಂಕಿ ಹಚ್ಚಿಕೊಂಡರು. ಕೆಲವೇ ದಿನದಲ್ಲಿ, ಇನ್ನು ಸಾಕು ಮಾಡುತ್ತೇವೆ ಎಂಬ ಕೊನೆಯ ಕಾಗದ ಬಂತು. ಆ ಮೇಲೆ ಸದ್ದಿಲ್ಲ. ಅವರು ಯಾರೆಂದು ಇವತ್ತಿಗೂ ಗೊತ್ತಿಲ್ಲ. 2000ದಲ್ಲಿ ಮೊಕದ್ದಮೆಯ ಅವಧಿಯೂ ಮುಗಿದುಹೋಯಿತು. ಉಳಿದದ್ದು ಒಂದು ಅಭ್ಯಾಸ. ಜಪಾನಿನಲ್ಲಿ ಮಿಠಾಯಿ ಡಬ್ಬಿಗಳಿಗೆ ತೆಳು ಪ್ಲಾಸ್ಟಿಕ್ ಹೊದಿಸಿ, ಯಾರಾದರೂ ಬಿಚ್ಚಿದರೆ ಗೊತ್ತಾಗುವಂತೆ ಮಾಡುವುದು ಈ ಪ್ರಕರಣದ ನಂತರ ಹೆಚ್ಚಿತು.

ಆಗ ಓಯಾ-ಸಾನ್ ನಿಶಿನೊಮಿಯಾದ ಹತ್ತಿರವೇ ಇದ್ದರು, ಐದು ವರ್ಷದ ಮಗನ ತಾಯಿ. ಪಕ್ಕದ ಮನೆಯಲ್ಲಿ ಒಬ್ಬ ಅಜ್ಜಿ. ದಿನಾ ಸಂಜೆ ಹುಡುಗ ಬೇಲಿಯ ಹತ್ತಿರ ಹೋಗಿ ನಿಲ್ಲುತ್ತಿದ್ದ, ಅಜ್ಜಿ ಅವನ ಅಂಗೈಯಲ್ಲಿ ಒಂದು ಕ್ಯಾರಮೆಲ್ ಇಡುತ್ತಿದ್ದರು. ಆ ಮೇ ತಿಂಗಳ ಒಂದು ಸಂಜೆಯೂ ಇಟ್ಟರು.

"ನಾನು ಓಡಿಹೋಗಿ ಅವನ ಕೈಯಿಂದ ಕಿತ್ತುಕೊಂಡೆ" ಅಂದರು. "ಅಜ್ಜಿ ಇನ್ನೂ ಅಲ್ಲೇ ನಿಂತಿದ್ದರು. ನೋಡಿದರು. ಏನೂ ಅನ್ನಲಿಲ್ಲ, ತಲೆ ಬಾಗಿಸಿ ಒಳಗೆ ಹೋದರು. ಮರುದಿನದಿಂದ ಬೇಲಿಯ ಹತ್ತಿರ ಬರಲಿಲ್ಲ. ಅವರ ಮೇಲೆ ನನಗೆ ಅನುಮಾನ ಇರಲಿಲ್ಲ. ಹೆದರಿಕೆ ಇತ್ತು, ಅಷ್ಟೆ. ಅದನ್ನು ಹೋಗಿ ಹೇಳಬೇಕಿತ್ತು. ನಾಳೆ, ನಾಡಿದ್ದು ಅಂತ ಆ ಬೇಸಿಗೆ ಕಳೆಯಿತು. ಚಳಿಗಾಲದಲ್ಲಿ ಅವರು ತೀರಿಕೊಂಡರು."

ಪೊಕ್ಕಿ ದಿನ ಶುರುವಾದಾಗ ಮಗ ಬೆಳೆದು ದೂರ ಹೋಗಿದ್ದ. ಟೀವಿಯಲ್ಲಿ ಶಾಲೆಯ ಹುಡುಗಿಯರು ಕೆಂಪು ಡಬ್ಬಿ ಹಿಡಿದು ದಾರಿಯಲ್ಲಿ ಸಿಕ್ಕವರಿಗೆಲ್ಲ ಹಂಚುವುದನ್ನು ತೋರಿಸಿದರಂತೆ. ಅದೇ ಕಂಪನಿಯ ಓಟಗಾರನ ಗುರುತು. ಇಸಿದುಕೊಂಡವರು ಅಲ್ಲೇ ತೆಗೆದು ಬಾಯಿಗಿಟ್ಟರಂತೆ. ಮರುವರ್ಷದಿಂದ ಆಕೆ ತಮ್ಮ ಬಾಡಿಗೆದಾರರ ಪೆಟ್ಟಿಗೆಗೆಲ್ಲ ಒಂದೊಂದು ಡಬ್ಬಿ ಹಾಕತೊಡಗಿದರು. ಹೆಸರು ಬರೆಯುತ್ತಿರಲಿಲ್ಲ.

"ಇಷ್ಟು ವರ್ಷದಲ್ಲಿ ಮರಳಿ ತಂದವರು ನೀವೊಬ್ಬರೇ" ಅಂದು ನಕ್ಕರು.

ನಾನು ಡಬ್ಬಿ ಒಡೆದೆ. ಆಕೆ ಚಹಾ ಮಾಡಿದರು.

* * *

ಮರುದಿನ ಪ್ರಯೋಗಾಲಯದ ಡ್ರಾಯರಿನಿಂದ ಮೊದಲ ಡಬ್ಬಿಯನ್ನೂ ತೆಗೆದು ಹಂಚಿದೆ. "ಹಬ್ಬ ನಿನ್ನೆಗೇ ಮುಗಿಯಿತು" ಎಂದು ಸೆನ್‌ಪಾಯ್ ರೇಗಿಸಿದರು. ನಮ್ಮ ಕಡೆ ಬನ್ನಿಯನ್ನು ಮರುದಿನ ಕೊಟ್ಟರೂ ನಡೆಯುತ್ತದೆ ಎಂದೆ. ಬನ್ನಿ ಎಂದರೇನು ಎಂದು ವಿವರಿಸಲು ಅರ್ಧ ಗಂಟೆ ಹಿಡಿಯಿತು.

ನಮ್ಮ ಜೊತೆ ಬುಸಾನ್ ಕಡೆಯ ಕೊರಿಯನ್ ಹುಡುಗನೊಬ್ಬನಿದ್ದ. ಹಿಂದಿನ ದಿನ ಅವನು ಊರಿನಿಂದ ತಾಯಿ ಕಳಿಸಿದ್ದ ಪೆಪೆರೊ ಡಬ್ಬಿಯನ್ನು ಮೇಜಿನ ಮೇಲೆ ಇಟ್ಟಿದ್ದ. ಅದೂ ಚಾಕೊಲೇಟ್ ಸವರಿದ ಕಡ್ಡಿಯೇ. ಜಪಾನಿ ಹುಡುಗನೊಬ್ಬ ನಗುತ್ತ "ಓಹೋ, ನಕಲು" ಅಂದಿದ್ದ. ಇವನು ಮರುಮಾತಾಡದೆ ಡಬ್ಬಿ ಬದಿಗೆ ಸರಿಸಿದ್ದ. ನನ್ನ ಡ್ರಾಯರಿನ ಡಬ್ಬಿಯ ಹಾಗೆ ಅದೂ ಒಡೆಯದೆ ಉಳಿದಿತ್ತು.

ನಕಲು ಎನ್ನುವುದಕ್ಕೆ ಆಧಾರ ಇಲ್ಲದಿಲ್ಲ. ಪೊಕ್ಕಿ 1966ರದು, ಪೆಪೆರೊ 1983ರದು. ಆದರೆ ಹಬ್ಬದ ಲೆಕ್ಕ ಬೇರೆ. ಕೊರಿಯಾದಲ್ಲಿ ನವೆಂಬರ್ 11ರ ಪೆಪೆರೊ ದಿನವನ್ನು ಶಾಲೆಯ ಹುಡುಗಿಯರು ಶುರು ಮಾಡಿದರೆಂದು ಹೇಳುತ್ತಾರೆ, ಈ ಕಡ್ಡಿಯ ಹಾಗೆ ಉದ್ದವಾಗಿ, ತೆಳ್ಳಗೆ ಬೆಳೆಯೋಣ ಎಂದು ಒಬ್ಬರಿಗೊಬ್ಬರು ಕೊಟ್ಟುಕೊಂಡರಂತೆ. 1990ರ ದಶಕದಲ್ಲಿ ಅದನ್ನು ಕಂಪನಿ ಕೈಗೆತ್ತಿಕೊಂಡಿತು. ಜಪಾನಿನ ದಿನ ಅದರ ನಂತರದ್ದು. ಅದೇ ದಿನ ಕೊರಿಯಾದಲ್ಲಿ ರೈತರ ದಿನವೂ ಹೌದು. ಹತ್ತು ಮತ್ತು ಒಂದರ ಚಿತ್ರಾಕ್ಷರಗಳನ್ನು ಒಂದರ ಮೇಲೊಂದು ಇಟ್ಟರೆ ಮಣ್ಣು ಎಂಬ ಅಕ್ಷರವಾಗುತ್ತದೆ. ಬಿಸ್ಕತ್ತಿನ ಬದಲು ಅಕ್ಕಿಯ ಉದ್ದನೆ ಕಡುಬು ತಿನ್ನಿ ಎಂದು ಅಲ್ಲಿನ ಸರಕಾರವೇ ಹೇಳುತ್ತ ಬಂದಿದೆ. ಚೀನಾದಲ್ಲಿ ಇದೇ ನಾಲ್ಕು ಕಡ್ಡಿ ಒಂಟಿ ಜನರ ದಿನ, ಈಗ ದೊಡ್ಡ ವ್ಯಾಪಾರದ ದಿನ.

ಪೆಪೆರೊ ಮಾಡುವ ಕಂಪನಿಯ ಹೆಸರು ಲೊಟ್ಟೆ. ನಮ್ಮ ಕರಾವಳಿಯ ಗೆಳೆಯರು ನಗುತ್ತಾರೆ, ಅವರಲ್ಲಿ ಲೊಟ್ಟೆ ಎಂದರೆ ಸುಳ್ಳು. ಇದು ಗಯಟೆಯ ಕಾದಂಬರಿಯ ನಾಯಕಿ ಶಾರ್ಲೊಟ್ಟೆಯಿಂದ ಬಂದ ಹೆಸರು. ಇಟ್ಟಾತ ಶಿನ್ ಕ್ಯುಕ್-ಹೊ. ಕೊರಿಯಾ ಜಪಾನಿನ ಆಳ್ವಿಕೆಯಲ್ಲಿದ್ದ ಕಾಲಕ್ಕೆ, 1940ರ ದಶಕದ ಆರಂಭದಲ್ಲಿ, ಹಡಗು ಹತ್ತಿ ಜಪಾನಿಗೆ ಬಂದು, ಮನೆಮನೆಗೆ ಹಾಲು, ಪತ್ರಿಕೆ ಹಾಕುತ್ತ ಓದಿದ ಹುಡುಗ. 1948ರಲ್ಲಿ ಟೋಕಿಯೊದಲ್ಲಿ ಚ್ಯೂಯಿಂಗ್ ಗಮ್ ಮಾಡುವ ಕಂಪನಿ ಕಟ್ಟಿದ. 1967ರಲ್ಲಿ ತಾಯ್ನಾಡಿನಲ್ಲೂ ಶುರು ಮಾಡಿದ. ಜಪಾನಿನಲ್ಲಿ ಅವನಿಗೆ ಶಿಗೆಮಿತ್ಸು ತಾಕೆಒ ಎಂಬ ಇನ್ನೊಂದು ಹೆಸರಿತ್ತು. ಎರಡು ದೇಶ, ಎರಡು ಹೆಸರು, ಎರಡು ಕಡೆ ಹೊರಗಿನವ. ಊರು ಬಿಟ್ಟ ನಮಗೆ ಇದು ಹೊಸ ಕತೆಯಲ್ಲ.

ಇದನ್ನೆಲ್ಲ ನನಗೆ ಹೇಳಿದ್ದು ಆ ಕೊರಿಯನ್ ಹುಡುಗನೇ. ಅವತ್ತು ನಾನು ಪೊಕ್ಕಿ ಹಂಚುತ್ತ ಅವನ ಮೇಜಿಗೆ ಬಂದಾಗ ಅವನು ಸುಮ್ಮನೆ ಒಂದು ಕಡ್ಡಿ ತೆಗೆದುಕೊಂಡು, ತನ್ನ ಡಬ್ಬಿಯನ್ನು ಒಡೆದು ನನಗೊಂದು ಕೊಟ್ಟ. ಆಮೇಲೆ ಎದ್ದು ಹೋಗಿ, ನಕಲು ಎಂದ ಹುಡುಗನ ಮುಂದೆಯೂ ಹಿಡಿದ. ಆತ ಎರಡೂ ಕೈಯಲ್ಲಿ ಇಸಿದುಕೊಂಡು, "ನಿನ್ನೆ ನಾನು ಹಾಗೆ ಅನ್ನಬಾರದಿತ್ತು" ಅಂದ. ಯಾವುದು ರುಚಿ ಎಂದು ಯಾರೂ ಕೇಳಲಿಲ್ಲ.

ಕಂಪನಿಗಳ ಜಗಳ ಅಷ್ಟು ಬೇಗ ಮುಗಿಯಲಿಲ್ಲ. 2015ರಲ್ಲಿ ಗ್ಲಿಕೊ ಅಮೆರಿಕದಲ್ಲಿ ಲೊಟ್ಟೆಯ ಮೇಲೆ ದಾವೆ ಹೂಡಿತು. ಕಡ್ಡಿಯ ಆಕಾರ ನಮ್ಮ ಗುರುತು, ಕದ್ದಿದ್ದಾರೆ ಎಂದು. 2020ರಲ್ಲಿ ಅಲ್ಲಿನ ಮೇಲ್ಮನವಿ ನ್ಯಾಯಾಲಯ ಒಪ್ಪಲಿಲ್ಲ. ಬರಿಯ ತುದಿ ಇರುವುದು ಕೈ ಅಂಟಾಗದಿರಲೆಂದು, ತೆಳ್ಳಗಿರುವುದು ಸುಲಭವಾಗಿ ತಿನ್ನಲೆಂದು, ಒಂದು ಡಬ್ಬಿಯಲ್ಲಿ ಬಹಳ ಕಡ್ಡಿ ಹಿಡಿಸಿ ಹಂಚಿಕೊಳ್ಳಲೆಂದು. ಉಪಯೋಗಕ್ಕಾಗಿ ಇರುವ ಆಕಾರವನ್ನು ಯಾರೂ ತಮ್ಮದೊಬ್ಬರದೇ ಎನ್ನುವಂತಿಲ್ಲ ಎಂಬುದು ತೀರ್ಪಿನ ತಿರುಳು. ಪತ್ರಿಕೆಯಲ್ಲಿ ಅದನ್ನು ಓದಿದಾಗ ಅವ್ವನ ಮಾತು ನೆನಪಾಯಿತು.

* * *

ನಾನೀಗ ಪುಣೆಯಲ್ಲಿ ಜಪಾನಿ ಭಾಷೆಯ ಅನುವಾದದ ಕೆಲಸ ಮಾಡುತ್ತೇನೆ. ಹೋದ ವರ್ಷ ನವೆಂಬರಿನಲ್ಲಿ ಒಸಾಕಾದಿಂದ ಬಂದಿದ್ದ ಅತಿಥಿಯೊಬ್ಬರು ಎರಡು ಡಬ್ಬಿ ಪೊಕ್ಕಿ ಕೊಟ್ಟರು. ಅದೇ ವಾರ ರಾತ್ರಿಯ ರೈಲಿನಲ್ಲಿ ಊರಿಗೆ ಹೊರಟೆ. ಎದುರಿನ ಸೀಟಿನಲ್ಲಿ ಗದಗದ ಕಡೆಯ ಹೆಣ್ಣುಮಗಳು, ಜೊತೆಗೆ ನಾಲ್ಕೈದು ವರ್ಷದ ಮಗ. ಗಾಡಿ ಹೊರಡುವ ಮೊದಲು ನಿಲ್ದಾಣದಲ್ಲಿ ನಮಗೆಲ್ಲ ಬಾಯಿಪಾಠವಾಗಿರುವ ಸೂಚನೆ ಕೇಳಿಬಂತು: ಅಪರಿಚಿತರು ಕೊಟ್ಟ ತಿಂಡಿ ತಿನಿಸು ಸ್ವೀಕರಿಸಬೇಡಿ.

ಹುಡುಗ ನನ್ನ ಚೀಲದಿಂದ ಇಣುಕುತ್ತಿದ್ದ ಕೆಂಪು ಡಬ್ಬಿಯನ್ನೇ ನೋಡುತ್ತಿದ್ದ. ನಾನು ಒಂದನ್ನು ಒಡೆಯಲು ಹೋದವನು, ನಿಲ್ಲಿಸಿದೆ. ಒಡೆಯದೆ ಡಬ್ಬಿಯನ್ನು ತಾಯಿಯ ಕೈಗೆ ಕೊಟ್ಟೆ. "ಸೀಲ್ ಐತ್ರಿ ಅಕ್ಕಾರ, ನೋಡ್ಕೋರಿ. ಬ್ಯಾಡ ಅನ್ನಿಸಿದ್ರ ಬ್ಯಾಡ, ನನಗೇನೂ ಬ್ಯಾಸರಿಲ್ಲ" ಅಂದೆ.

ಆಕೆ ಡಬ್ಬಿಯನ್ನು ದೀಪಕ್ಕೆ ಹಿಡಿದು ನಾಲ್ಕೂ ಕಡೆ ತಿರುಗಿಸಿ ನೋಡಿದಳು. ನನ್ನನ್ನೂ ಒಂದು ಸಲ ನೋಡಿದಳು. ಆಮೇಲೆ ಒಡೆದು ಮಗನಿಗೊಂದು ಕೊಟ್ಟು, ಡಬ್ಬಿಯನ್ನು ನನ್ನ ಕಡೆ ಚಾಚಿದಳು.

"ನೀವೂ ತಗೋರಿ ಅಣ್ಣಾರ" ಅಂದಳು.

ತೆಗೆದುಕೊಂಡೆ.